ಎಲ್ಲಾ ಎಣಿಸದೆ ಲೆಕ್ಕ ಹೇಳಿದ ಮಹಲನೋಬಿಸ್

ಪ್ರಶಾಂತ ಚಂದ್ರ ಮಹಲನೋಬಿಸ್ ಅನ್ನೋ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಹೈಸ್ಕೂಲಲ್ಲಿ ಒಂದು ಸಲ ಕೇಳಿರುತ್ತೀವಿ. ಪಂಚವಾರ್ಷಿಕ ಯೋಜನೆಯ ಪಾಠದಲ್ಲಿ ಒಂದು ಮಾರ್ಕಿನ ಪ್ರಶ್ನೆಗೆ ಉತ್ತರವಾಗಿ ಬರುವ ಹೆಸರು ಅದು. ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತೀವಿ. ಆದರೆ ಇವತ್ತು ನಮ್ಮ ದೇಶದಲ್ಲಿ ಎಷ್ಟು ಜನಕ್ಕೆ ಕೆಲಸ ಇಲ್ಲ, ಒಂದು ಮನೆಯಲ್ಲಿ ತಿಂಗಳಿಗೆ ಊಟಕ್ಕೆ ಎಷ್ಟು ಖರ್ಚಾಗುತ್ತೆ, ಒಂದು ಹೆಕ್ಟೇರಿಗೆ ಎಷ್ಟು ಭತ್ತ ಬರುತ್ತೆ ಅಂತ ಪೇಪರಿನಲ್ಲಿ ಓದುತ್ತೀವಲ್ಲ, ಆ ಲೆಕ್ಕಗಳ ಹಿಂದೆ ಈ ಮನುಷ್ಯನ ದುಡಿಮೆ ಇದೆ. ಅವರು ತೀರಿಕೊಂಡು ಐವತ್ತು ವರ್ಷದ ಮೇಲಾಯಿತು. ಕಾಲೇಜು ಓದದವರಿಗೂ ಅರ್ಥ ಆಗುವ ಹಾಗೆ ಅವರ ಬದುಕು, ಅವರ ಲೆಕ್ಕ ಎರಡನ್ನೂ ಹೇಳೋಣ ಅಂತ ಈ ಲೇಖನ.

ಮಹಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತದಲ್ಲಿ. ಬ್ರಹ್ಮ ಸಮಾಜದ ಮನೆತನ. ಓದು ಬರಹ, ವಾದ ವಿವಾದ ಎಲ್ಲಾ ಮನೆಯಲ್ಲೇ ಇತ್ತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ 1912ರಲ್ಲಿ ಬಿ.ಎಸ್‌ಸಿ. ಮುಗಿಸಿದರು. ಜಗದೀಶ ಚಂದ್ರ ಬೋಸ್, ಪ್ರಫುಲ್ಲ ಚಂದ್ರ ರಾಯ್ ಅವರಂಥವರು ಅಲ್ಲಿ ಪಾಠ ಮಾಡುತ್ತಿದ್ದ ಕಾಲ ಅದು.

1913ರಲ್ಲಿ ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋದರು. ಓದಬೇಕು ಅಂದುಕೊಂಡಿದ್ದು ಲಂಡನ್ನಿನಲ್ಲಿ. ಒಂದು ದಿನ ಕೇಂಬ್ರಿಡ್ಜ್ ನೋಡಿ ಬರೋಣ ಅಂತ ಹೋದವರಿಗೆ ವಾಪಸ್ ಬರುವ ಕೊನೆಯ ರೈಲು ತಪ್ಪಿತು. ಆ ರಾತ್ರಿ ಅಲ್ಲೇ ಸ್ನೇಹಿತರ ಹತ್ತಿರ ಉಳಿದರು. ಅಲ್ಲಿನ ಕಿಂಗ್ಸ್ ಕಾಲೇಜು, ಅದರ ದೊಡ್ಡ ಪ್ರಾರ್ಥನಾ ಮಂದಿರ ತುಂಬಾ ಹಿಡಿಸಿತು. ಅದೇ ಕಾಲೇಜಿಗೇ ಸೇರಿಕೊಂಡರು.

ಕೇಂಬ್ರಿಡ್ಜಿನಲ್ಲಿ ಅವರಿಗೆ ಶ್ರೀನಿವಾಸ ರಾಮಾನುಜನ್ ಪರಿಚಯ ಆಯಿತು. ಒಂದು ಸಲ ರಾಮಾನುಜನ್ ರೂಮಿಗೆ ಹೋದಾಗ, ರಾತ್ರಿ ಚಳಿಗೆ ನಿದ್ದೆ ಬರುತ್ತಿಲ್ಲ ಅಂತ ಗೊತ್ತಾಯಿತು. ನೋಡಿದರೆ ಹಾಸಿಗೆ ಮೇಲೆ ಕಂಬಳಿಗಳೇನೋ ಇವೆ. ಆದರೆ ಅವನ್ನು ಬಿಡಿಸಿ ಒಳಗೆ ನುಗ್ಗಿ ಮಲಗಬೇಕು ಅಂತ ರಾಮಾನುಜನ್‌ಗೆ ಯಾರೂ ಹೇಳಿರಲಿಲ್ಲ. ಅವರು ಮೇಲಿನ ಕೋಟು ಹಾಕಿಕೊಂಡೇ ಹಾಸಿಗೆ ಮೇಲೆ ಮಲಗುತ್ತಿದ್ದರು. ಮಹಲನೋಬಿಸ್ ಕಂಬಳಿ ಬಿಡಿಸಿ ಹೇಗೆ ಮಲಗೋದು ಅಂತ ತೋರಿಸಿದರು. ಊರು ಬಿಟ್ಟು ಬಂದ ನಮಗೆ ಈ ಕಥೆ ಬೇರೆಯವರಿಗಿಂತ ಚೆನ್ನಾಗಿ ಅರ್ಥ ಆಗುತ್ತೆ. ಎಂಥ ಬುದ್ಧಿವಂತನಿಗೂ ಹೊಸ ದೇಶದಲ್ಲಿ ಯಾರಾದರೂ ಒಬ್ಬರು ಮೊದಲ ದಿನ ತೋರಿಸಿಕೊಡಬೇಕಾಗುತ್ತೆ.

1915ರಲ್ಲಿ ಓದು ಮುಗಿಸಿ ರಜೆಗೆ ಊರಿಗೆ ಹೊರಟರು. ಮೊದಲನೇ ಮಹಾಯುದ್ಧ ನಡೆಯುತ್ತಿದ್ದರಿಂದ ಹಡಗು ಹೊರಡುವುದು ತಡವಾಯಿತು. ಕಾಯುವ ದಿನಗಳಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಕೂತಿದ್ದಾಗ ಅಲ್ಲಿನ ಅಧ್ಯಾಪಕರೊಬ್ಬರು ಬಯೋಮೆಟ್ರಿಕಾ ಅನ್ನೋ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಕಾರ್ಲ್ ಪಿಯರ್ಸನ್ ನಡೆಸುತ್ತಿದ್ದ ಸಂಖ್ಯಾಶಾಸ್ತ್ರದ ಪತ್ರಿಕೆ ಅದು. ಇವರು ಸಂಪುಟಗಳನ್ನು ಕೊಂಡುಕೊಂಡು ಹಡಗಿನಲ್ಲಿ ಓದುತ್ತಾ ಬಂದರು. ಕಲ್ಕತ್ತ ತಲುಪುವ ಹೊತ್ತಿಗೆ ಮನಸ್ಸು ಅದಕ್ಕೆ ಅಂಟಿಕೊಂಡಿತ್ತು. ಊರಿನಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಲು ಕರೆದರು. ಒಪ್ಪಿಕೊಂಡರು, ಓದಲು ವಾಪಸ್ ಹೋಗಲೇ ಇಲ್ಲ. ಹಗಲು ಭೌತಶಾಸ್ತ್ರದ ಪಾಠ, ಉಳಿದ ಹೊತ್ತು ಅಂಕಿ ಅಂಶ. 1923ರಲ್ಲಿ ನಿರ್ಮಲ ಕುಮಾರಿಯವರನ್ನು ಮದುವೆಯಾದರು. ರವೀಂದ್ರನಾಥ ಟ್ಯಾಗೋರರಿಗೆ ಗಂಡ ಹೆಂಡತಿ ಇಬ್ಬರೂ ತುಂಬಾ ಹತ್ತಿರದವರು. 1926ರಲ್ಲಿ ಅವರ ಜೊತೆ ಯುರೋಪ್ ಪ್ರವಾಸಕ್ಕೂ ಹೋಗಿದ್ದರು.

ಜನಕ್ಕೆ ಉಪಯೋಗ ಆದ ಅವರ ಮೊದಮೊದಲ ಕೆಲಸ ಪ್ರವಾಹದ ಲೆಕ್ಕ. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿಯಲ್ಲಿ ದೊಡ್ಡ ನೆರೆ ಬಂತು. ನದಿಯ ತಳದಲ್ಲಿ ಹೂಳು ತುಂಬಿ ಮೇಲೆ ಬಂದಿದೆ, ಅದಕ್ಕೇ ನೀರು ಉಕ್ಕುತ್ತಿದೆ, ದಂಡೆಯನ್ನು ಇನ್ನೂ ಎತ್ತರ ಕಟ್ಟಬೇಕು ಅನ್ನೋದು ಇಂಜಿನಿಯರುಗಳ ಅಭಿಪ್ರಾಯ. ಮಹಲನೋಬಿಸ್ ಸುಮಾರು ಅರವತ್ತು ವರ್ಷದ ಮಳೆ ಮತ್ತು ನೀರಿನ ಮಟ್ಟದ ದಾಖಲೆ ಹಾಕಿಕೊಂಡು ಕೂತರು. ನದಿಯ ತಳ ಎದ್ದಿಲ್ಲ, ಮೇಲ್ಭಾಗದಲ್ಲಿ ಬಿದ್ದ ಅತಿಯಾದ ಮಳೆಯೇ ಕಾರಣ ಅಂತ ತೋರಿಸಿದರು. ಹಾಗಾದರೆ ಮಾಡಬೇಕಾದ ಕೆಲಸ ದಂಡೆ ಎತ್ತರಿಸೋದಲ್ಲ, ಮೇಲೆ ಅಣೆಕಟ್ಟು ಕಟ್ಟಿ ನೀರು ಹಿಡಿಯೋದು ಅಂದರು. ತಪ್ಪು ಕಾರಣ ಹಿಡಿದುಕೊಂಡಿದ್ದರೆ ಹಣವೂ ಹೋಗುತ್ತಿತ್ತು, ನೆರೆಯೂ ನಿಲ್ಲುತ್ತಿರಲಿಲ್ಲ.

1931ರ ಡಿಸೆಂಬರಿನಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ಹೆಸರು ದೊಡ್ಡದು, ಜಾಗ ಮಾತ್ರ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರದೇ ರೂಮು. ಮೊದಲ ವರ್ಷದ ಖರ್ಚು 250 ರೂಪಾಯಿ ಒಳಗೇ ಮುಗಿಯಿತು. 1933ರಲ್ಲಿ ಸಾಂಖ್ಯ ಅನ್ನೋ ಪತ್ರಿಕೆ ತಂದರು. ಅದು ಈಗಲೂ ಬರುತ್ತಿದೆ. 1936ರಲ್ಲಿ ಎರಡು ಗುಂಪುಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಅಂತ ಅಳೆಯುವ ಸೂತ್ರ ಪ್ರಕಟಿಸಿದರು. ಅದನ್ನು ಇವತ್ತೂ ಪ್ರಪಂಚದ ಎಲ್ಲಾ ಕಡೆ ಮಹಲನೋಬಿಸ್ ದೂರ ಅಂತಲೇ ಕರೆಯುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆಗ ಬಂಗಾಳದ ದೊಡ್ಡ ವಾಣಿಜ್ಯ ಬೆಳೆ ಸೆಣಬು. ಗೋಣಿಚೀಲ ಮಾಡುವ ಮಿಲ್ಲುಗಳು ಹೂಗ್ಲಿ ನದಿಯ ದಂಡೆ ಉದ್ದಕ್ಕೂ ಇದ್ದವು. ಈ ವರ್ಷ ಎಷ್ಟು ಸೆಣಬು ಬರುತ್ತೆ ಅನ್ನೋ ಅಂದಾಜಿನ ಮೇಲೆ ರೈತನ ಬೆಲೆ ನಿಲ್ಲುತ್ತಿತ್ತು. ಆದರೆ ಅಂದಾಜು ಬರುತ್ತಿದ್ದುದು ಹೇಗೆ? ಬಂಗಾಳದ ಹೆಚ್ಚಿನ ಭಾಗ ಜಮೀನ್ದಾರಿ ಪ್ರದೇಶ, ನಮ್ಮ ಶಾನುಭೋಗರ ಥರ ಹೊಲ ಹೊಲದ ಲೆಕ್ಕ ಬರೆಯುವವರು ಅಲ್ಲಿ ಇರಲಿಲ್ಲ. ಹಳ್ಳಿಯ ಚೌಕೀದಾರ ಕಣ್ಣಂದಾಜಿನಲ್ಲಿ ಹೇಳಿದ್ದೇ ಮೇಲೆ ಹೋಗುತ್ತಿತ್ತು. ಬೆಳೆ ಹನ್ನೆರಡಾಣೆ, ಹತ್ತಾಣೆ ಅಂತ ಆಣೆವಾರು ಹೇಳುವ ಪದ್ಧತಿ ನಮ್ಮ ಕಡೆಯ ಹಿರಿಯರಿಗೂ ಗೊತ್ತು.

1937ರಲ್ಲಿ ಮಹಲನೋಬಿಸ್ ಇದಕ್ಕೆ ಬೇರೆ ದಾರಿ ಹುಡುಕಲು ಶುರು ಮಾಡಿದರು. ಎಲ್ಲಾ ಗದ್ದೆಗೂ ಹೋಗೋದು ಬೇಡ, ಕೆಲವಕ್ಕೆ ಮಾತ್ರ ಹೋಗೋಣ. ಆದರೆ ಯಾವುದಕ್ಕೆ ಅಂತ ನಾವು ಆರಿಸೋದು ಬೇಡ, ಚೀಟಿ ಎತ್ತಿದ ಹಾಗೆ ಬರಲಿ. ಅವರ ವಿಧಾನದ ತಿರುಳು ಇಷ್ಟೇ.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಅಂತಾರೆ. ನಿಜ, ಯಾಕೆಂದರೆ ಪಾತ್ರೆಯಲ್ಲಿ ಇರುವ ಅಕ್ಕಿ ಒಂದೇ, ಬೆಂಕಿ ಒಂದೇ. ಬಂಗಾಳ ಹಾಗಲ್ಲ. ಒಂದು ಕಡೆ ಸೆಣಬು, ಪಕ್ಕದಲ್ಲಿ ಭತ್ತ, ಅದರಾಚೆ ಕೆರೆ. ಅಲ್ಲಿ ಒಂದು ಅಗುಳು ಸಾಲದು, ಹಲವು ಬೇಕು, ಅವನ್ನು ಎಲ್ಲಾ ಕಡೆಯಿಂದ ಪಕ್ಷಪಾತ ಇಲ್ಲದೆ ಎತ್ತಬೇಕು.

ಒಂದು ಪ್ರದೇಶದ ನಕ್ಷೆ ಇದೆ ಅಂದುಕೊಳ್ಳಿ, 1 ಲಕ್ಷ ಎಕರೆ. ಅದರ ಮೇಲೆ ಲಾಟರಿ ನಂಬರಿನ ಥರ ಬಂದ ಸಂಖ್ಯೆ ನೋಡಿ 100 ಚುಕ್ಕೆ ಇಡುತ್ತೀವಿ. ಜನ ಹೋಗಿ ಆ ಚುಕ್ಕೆ ಬಿದ್ದ ಜಾಗದಲ್ಲಿ ಏನು ಬೆಳೆದಿದೆ ಅಂತ ನೋಡಿ ಬರುತ್ತಾರೆ. 25 ಕಡೆ ಸೆಣಬು ಸಿಕ್ಕಿತು. ಹಾಗಾದರೆ ಒಟ್ಟು ನೆಲದ ಕಾಲು ಭಾಗ, ಅಂದರೆ ಸುಮಾರು 25 ಸಾವಿರ ಎಕರೆ ಸೆಣಬು ಅಂತ ಅಂದಾಜು.

ಇದನ್ನು ಎಷ್ಟು ನಂಬಬಹುದು? ಇಲ್ಲಿ ಸಂಭವನೀಯತೆಯ ಲೆಕ್ಕ ಬರುತ್ತೆ. ನಾಣ್ಯವನ್ನು 100 ಸಲ ಚಿಮ್ಮಿದರೆ ಸರಿಯಾಗಿ 50 ಸಲ ರಾಜ ಬೀಳೋದು ಕಡಿಮೆ. ಆದರೆ 40ರಿಂದ 60ರ ಒಳಗೆ ಬೀಳೋದು 100ಕ್ಕೆ 95ಕ್ಕಿಂತ ಹೆಚ್ಚು ಸಲ. ಅದೃಷ್ಟಕ್ಕೂ ಒಂದು ಮಿತಿ ಇದೆ, ಆ ಮಿತಿ ಎಷ್ಟು ಅಂತ ಲೆಕ್ಕ ಹಾಕಬಹುದು. ಅದೇ ಲೆಕ್ಕದಲ್ಲಿ, ನಮ್ಮ 100 ಚುಕ್ಕೆಯಿಂದ ಬಂದ 25 ಅನ್ನೋದು ನಿಜವಾಗಿ 16ರಿಂದ 34ರ ಒಳಗೆ ಎಲ್ಲಾದರೂ ಇರಬಹುದು. 400 ಚುಕ್ಕೆ ಇಟ್ಟರೆ 21ರಿಂದ 29. 1600 ಚುಕ್ಕೆ ಇಟ್ಟರೆ 23ರಿಂದ 27. ಗಮನಿಸಿ, ಕೆಲಸ ನಾಲ್ಕು ಪಟ್ಟು ಮಾಡಿದರೆ ತಪ್ಪು ಅರ್ಧ ಆಗುತ್ತೆ, ಅಷ್ಟೇ. ಹಾಗಾಗಿ ಎಲ್ಲಿ ನಿಲ್ಲಿಸಬೇಕು, ಎಷ್ಟು ಖರ್ಚಿಗೆ ಎಷ್ಟು ನಿಖರತೆ ಸಾಕು ಅಂತ ಮೊದಲೇ ಯೋಚಿಸಬೇಕು. ಮಹಲನೋಬಿಸ್ ಇದನ್ನೇ ಮಾಡಿದರು. ಕೆಲಸಗಾರ ನಡೆಯುವ ದಾರಿ, ಹಿಡಿಯುವ ಸಮಯ, ಕೊಡುವ ಕೂಲಿ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರು. ಅದಕ್ಕೂ ಮುಂಚೆ ಚಿಕ್ಕ ಜಾಗದಲ್ಲಿ ಒಂದು ಟ್ರಯಲ್ ಸರ್ವೆ. ಅದರಲ್ಲಿ ಕಲಿತಿದ್ದನ್ನು ಮುಂದಿನ ವರ್ಷ ಇನ್ನೂ ದೊಡ್ಡ ಜಾಗಕ್ಕೆ ಹಾಕೋದು. ಹೀಗೆ ಹೆಜ್ಜೆ ಹೆಜ್ಜೆಯಾಗಿ 1941ರ ಹೊತ್ತಿಗೆ ಬಂಗಾಳದ ಸೆಣಬು ಬೆಳೆಯುವ ಪ್ರದೇಶಕ್ಕೆಲ್ಲಾ ಈ ಸರ್ವೆ ತಲುಪಿತು.

ಚೀಟಿ ಎತ್ತೋದು ಯಾಕೆ, ಅನುಭವ ಇರುವವರು ಆರಿಸಿದರೆ ಆಗಲ್ವಾ ಅಂತ ಕೇಳಬಹುದು. ನಮ್ಮ ಕೆಲಸದಿಂದಲೇ ಹೇಳ್ತೀನಿ. 2000 ಸಾಕೆಟ್ ಇರುವ ಕಟ್ಟಡಕ್ಕೆ ಕನ್ಸಲ್ಟೆಂಟ್ ಇಂಜಿನಿಯರ್ ಇನ್‌ಸ್ಪೆಕ್ಷನ್‌ಗೆ ಬಂದರೆ ಎಲ್ಲಾ ಬಿಚ್ಚಿ ನೋಡಲ್ಲ. ಹುಷಾರಿರುವ ಇಂಜಿನಿಯರ್, ಫೋರ್‌ಮನ್ ಕರೆದುಕೊಂಡು ಹೋದ ರೂಮಿಗೂ ಹೋಗಲ್ಲ. ಡ್ರಾಯಿಂಗ್ ತೆಗೆದು ತಾನೇ ರೂಮ್ ನಂಬರ್ ಹೇಳ್ತಾನೆ. ಗದ್ದೆಯ ವಿಷಯವೂ ಹಾಗೇ. ಆರಿಸೋಕೆ ಬಿಟ್ಟರೆ ಸರ್ವೆಯವನು ರಸ್ತೆ ಪಕ್ಕದ ಗದ್ದೆಗೆ ಹೋಗ್ತಾನೆ, ಚೆನ್ನಾಗಿ ಬೆಳೆದ ಕಡೆ ನಿಲ್ತಾನೆ. ಮೋಸ ಮಾಡಬೇಕು ಅಂತಲ್ಲ, ಮನುಷ್ಯನ ಕಾಲು ಕಣ್ಣು ಹೋಗೋದೇ ಹಾಗೆ. ಬೆಳೆ ಕೊಯ್ದು ತೂಕ ನೋಡುವಾಗಲೂ ಇದೇ ತೊಂದರೆ ಸಿಕ್ಕಿತು. ತುಂಬಾ ಚಿಕ್ಕ ಚೌಕಟ್ಟು ಇಟ್ಟು ಕೊಯ್ದರೆ ಇಳುವರಿ ಜಾಸ್ತಿ ಬರುತ್ತಿತ್ತು. ಅಂಚಿನಲ್ಲಿ ನಿಂತ ಗಿಡವನ್ನು ಒಳಗೆ ಸೇರಿಸುವ ಅಭ್ಯಾಸವೇ ಕಾರಣ.

ಇನ್ನೊಂದು ಉಪಾಯ ಮಾಡಿದರು. ಒಂದೇ ಪ್ರದೇಶಕ್ಕೆ ಎರಡು ತಂಡ ಕಳಿಸೋದು. ಎರಡಕ್ಕೂ ಬೇರೆ ಬೇರೆ ಚೀಟಿ, ಬೇರೆ ಬೇರೆ ಜನ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡೂ ಲೆಕ್ಕ ಹತ್ತಿರ ಬಂದರೆ ಸಮಾಧಾನ. ದೂರ ದೂರ ಬಂದರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ. ಒಂದು ಮೀಟರ್ ತೋರಿಸಿದ ವೋಲ್ಟೇಜ್ ಮೇಲೆ ಅನುಮಾನ ಬಂದರೆ ನಾವು ಇನ್ನೊಂದು ಮೀಟರ್ ಹಚ್ಚಿ ನೋಡ್ತೀವಲ್ಲ, ಹಾಗೆ. ಸರ್ವೆಯ ಒಳಗೇ ಅದರ ಪರೀಕ್ಷೆಯನ್ನೂ ಸೇರಿಸಿದ್ದು ಇವರ ದೊಡ್ಡ ಕೊಡುಗೆ.

ಫಲ ಏನಾಯಿತು? ಸರ್ಕಾರ ಸಾವಿರಾರು ಜನರನ್ನು ಹಚ್ಚಿ ಗದ್ದೆ ಗದ್ದೆಗೆ ಹೋಗಿ ಮಾಡಿಸಿದ ಪೂರ್ತಿ ಎಣಿಕೆ, ವ್ಯಾಪಾರದಲ್ಲಿ ನಿಜವಾಗಿ ಕಂಡ ಸೆಣಬಿಗಿಂತ ಸುಮಾರು ಆರನೇ ಒಂದು ಭಾಗ ಕಡಿಮೆ ಬಂತು. ಕೆಲವೇ ನೂರು ಜನ ಮಾಡಿದ ಸ್ಯಾಂಪಲ್ ಸರ್ವೆ ವ್ಯಾಪಾರದ ಲೆಕ್ಕಕ್ಕೆ ತುಂಬಾ ಹತ್ತಿರ ಬಂತು. ಖರ್ಚು ಸುಮಾರು ಹತ್ತನೇ ಒಂದು ಭಾಗ. ಸಾವಿರಾರು ಜನರ ಕೆಲಸದ ಮೇಲೆ ಕಣ್ಣಿಡೋಕೆ ಆಗಲ್ಲ, ಕೆಲವರಿಗಾದರೆ ಚೆನ್ನಾಗಿ ತರಬೇತಿ ಕೊಟ್ಟು ಕೆಲಸ ನೋಡಬಹುದು. ಎಲ್ಲಾ ಎಣಿಸಿದ್ದೇ ಸರಿ ಅನ್ನೋ ನಂಬಿಕೆ ಅಲ್ಲಿ ಅಲುಗಾಡಿತು.

1943ರಲ್ಲಿ ಬಂಗಾಳದಲ್ಲಿ ಬರಗಾಲ ಬಂತು. ಲಕ್ಷಾಂತರ ಜನ ಸತ್ತರು. ಅಕ್ಕಿ ಎಷ್ಟಿದೆ, ಎಷ್ಟು ಕಡಿಮೆ ಬಿದ್ದಿದೆ ಅನ್ನೋದಕ್ಕೆ ಸರ್ಕಾರದ ಹತ್ತಿರ ನಂಬುವಂಥ ಲೆಕ್ಕ ಇರಲಿಲ್ಲ. ಆಮೇಲೆ 1944-45ರಲ್ಲಿ ಮಹಲನೋಬಿಸ್ ಮತ್ತು ಅವರ ಜೊತೆಯವರು ಹಳ್ಳಿಗಳಲ್ಲಿ 15 ಸಾವಿರಕ್ಕೂ ಹೆಚ್ಚು ಕುಟುಂಬಗಳ ಸರ್ವೆ ಮಾಡಿದರು. ಆ 15 ಸಾವಿರದಿಂದ ಇಡೀ ಬಂಗಾಳದ ಹಳ್ಳಿಗಳ ಸ್ಥಿತಿ ಲೆಕ್ಕ ಹಾಕಿದರು. ಲಕ್ಷಾಂತರ ಕುಟುಂಬಗಳು ಗದ್ದೆ ಮಾರಿಕೊಂಡಿದ್ದವು. ಬರಗಾಲಕ್ಕೆ ಮುಂಚೆಯೇ ಕೆಳಗೆ ಜಾರುತ್ತಿದ್ದ ಬಡವರೇ ಹೆಚ್ಚು ಪೆಟ್ಟು ತಿಂದಿದ್ದರು. ಲೆಕ್ಕ ಇಲ್ಲದಿದ್ದರೆ ಸತ್ತವರೂ ಬೀದಿಗೆ ಬಿದ್ದವರೂ ಬರೀ ಮಾತಾಗಿ ಉಳಿಯುತ್ತಾರೆ.

1947ರಲ್ಲಿ ನಡೆದದ್ದು ಇನ್ನೊಂದು. ದೇಶ ವಿಭಜನೆಯ ಗಲಭೆಯಲ್ಲಿ ದೆಹಲಿಯ ಸಾವಿರಾರು ಜನ ಜೀವ ಉಳಿಸಿಕೊಳ್ಳಲು ಕೆಂಪುಕೋಟೆಯೊಳಗೆ ಸೇರಿಕೊಂಡಿದ್ದರು. ಅವರಿಗೆ ಊಟ ಹಾಕಲು ಸರ್ಕಾರ ಕಂಟ್ರಾಕ್ಟರುಗಳನ್ನು ಇಟ್ಟಿತು. ಒಳಗೆ ಎಷ್ಟು ಜನ ಇದ್ದಾರೆ ಅಂತ ಎಣಿಸೋಕೆ ಹೋಗುವ ಪರಿಸ್ಥಿತಿ ಇರಲಿಲ್ಲ. ಕಂಟ್ರಾಕ್ಟರ್ ಬರೆದುಕೊಟ್ಟ ಬಿಲ್ಲಿಗೆ ಹಣ ಕೊಡಲೇಬೇಕು. ಬಿಲ್ಲು ಏರುತ್ತಲೇ ಹೋಯಿತು. ಆಗ ಮಹಲನೋಬಿಸ್ ಅವರ ಸಂಸ್ಥೆಯ ಜೆ.ಎಂ. ಸೇನ್‌ಗುಪ್ತ ಎಂಬವರು ಒಂದು ದಾರಿ ಹೇಳಿದರು. ಅಕ್ಕಿ, ಬೇಳೆ, ಉಪ್ಪು ಇವು ಒಬ್ಬರಿಗೆ ದಿನಕ್ಕೆ ಎಷ್ಟು ಬೇಕು ಅನ್ನೋದು ಬೇರೆ ಸರ್ವೆಗಳಿಂದ ಗೊತ್ತಿತ್ತು. ಬಿಲ್ಲಿನ ಒಂದೊಂದು ಸಾಮಾನನ್ನೂ ತಲಾ ಪ್ರಮಾಣದಿಂದ ಭಾಗಿಸಿದರೆ ಜನಸಂಖ್ಯೆ ಬರಬೇಕು.

ಅರ್ಥ ಆಗಲಿ ಅಂತ ನಾನೇ ಒಂದು ಲೆಕ್ಕ ಹಾಕಿ ತೋರಿಸ್ತೀನಿ. ಬಿಲ್ಲಿನಲ್ಲಿ ಅಕ್ಕಿ 5000 ಕೆಜಿ, ತಲಾ 400 ಗ್ರಾಂ ಅಂದರೆ 12,500 ಜನ. ಬೇಳೆ 800 ಕೆಜಿ, ತಲಾ 80 ಗ್ರಾಂ ಅಂದರೆ 10,000 ಜನ. ಉಪ್ಪು 90 ಕೆಜಿ, ತಲಾ 15 ಗ್ರಾಂ ಅಂದರೆ 6,000 ಜನ. ಒಂದೇ ಪಂಕ್ತಿಯಲ್ಲಿ ಕೂತವರು ಮೂರು ಲೆಕ್ಕದಲ್ಲಿ ಮೂರು ಥರ ಆಗೋಕೆ ಸಾಧ್ಯ ಇಲ್ಲ. ಕೆಂಪುಕೋಟೆಯ ಬಿಲ್ಲಿನಲ್ಲೂ ಇದೇ ಆಗಿತ್ತು. ದುಬಾರಿ ಅಕ್ಕಿಯಿಂದ ಬಂದ ಸಂಖ್ಯೆ ಎಲ್ಲಕ್ಕಿಂತ ದೊಡ್ಡದು, ಅಗ್ಗದ ಉಪ್ಪಿನಿಂದ ಬಂದದ್ದು ಎಲ್ಲಕ್ಕಿಂತ ಚಿಕ್ಕದು. ಉಪ್ಪಿನಲ್ಲಿ ಸುಳ್ಳು ಬರೆದರೆ ಕಂಟ್ರಾಕ್ಟರಿಗೆ ಸಿಗೋದು ಏನೂ ಇಲ್ಲ, ಹಾಗಾಗಿ ಉಪ್ಪಿನ ಲೆಕ್ಕವೇ ನಿಜಕ್ಕೆ ಹತ್ತಿರ ಅಂತ ತೀರ್ಮಾನಿಸಿದರು. ಹುಮಾಯೂನ್ ಗೋರಿಯ ಹತ್ತಿರ ಇದ್ದ ಇನ್ನೊಂದು ಚಿಕ್ಕ ಶಿಬಿರದಲ್ಲಿ ಇದೇ ವಿಧಾನ ಪರೀಕ್ಷೆ ಮಾಡಿದರು, ಸರಿಯಾಗಿ ಬಂತು. ಇಲ್ಲಿ ಕುವೈತ್‌ನಲ್ಲಿ ಕ್ಯಾಂಪ್ ಮೆಸ್ಸಿನಲ್ಲಿ ಉಣ್ಣುವ ನಮಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ. ಅಡುಗೆಯವನು ದಿನಕ್ಕೆ ಎಷ್ಟು ಪ್ಯಾಕೆಟ್ ಉಪ್ಪು ಒಡೆದ ಅಂತ ಗೊತ್ತಿದ್ದರೆ ಎಷ್ಟು ತಟ್ಟೆ ಎದ್ದಿತು ಅಂತ ಹೇಳಬಹುದು.

ಈ ಉಪ್ಪಿನ ಕಥೆಯನ್ನು ತಮ್ಮ ಪುಸ್ತಕದಲ್ಲಿ ಬರೆದು ಪ್ರಪಂಚಕ್ಕೆ ತಿಳಿಸಿದವರು ಸಿ.ಆರ್. ರಾವ್. ಅವರು ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ, ತೆಲುಗು ಮನೆತನದಲ್ಲಿ. ಕಲ್ಕತ್ತಕ್ಕೆ ಕೆಲಸ ಹುಡುಕಿಕೊಂಡು ಹೋದವರು ಆ ಕೆಲಸ ಸಿಗದೆ, ಮಹಲನೋಬಿಸ್ ಸಂಸ್ಥೆಯ ವಿಷಯ ತಿಳಿದು 1941ರಲ್ಲಿ ಅಲ್ಲಿ ಸೇರಿದರು. ಮುಂದೆ ಗುರುವಿನಷ್ಟೇ ದೊಡ್ಡ ಹೆಸರು ಮಾಡಿದರು. ಮಲ್ಲಿಗೆಗೆ ಹೆಸರಾದ ಹಡಗಲಿಗೆ ಇನ್ನೊಂದು ಹೆಮ್ಮೆ ಇದು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಓಡಾಡುವವರು ಇದೇ ಇನ್‌ಸ್ಟಿಟ್ಯೂಟಿನ ಬೆಂಗಳೂರು ಕೇಂದ್ರದ ಬೋರ್ಡನ್ನು ನೋಡಿರುತ್ತೀರಿ.

ಸ್ವಾತಂತ್ರ್ಯ ಬಂದ ಮೇಲೆ ನೆಹರೂ ಅವರು ಮಹಲನೋಬಿಸ್‌ರನ್ನು ಹತ್ತಿರ ಕರೆದುಕೊಂಡರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಐದು ಲಕ್ಷಕ್ಕೂ ಹೆಚ್ಚು ಹಳ್ಳಿ ಇರುವ ದೇಶದಲ್ಲಿ ಮೊದಲ ಸುತ್ತಿಗೆ ಆರಿಸಿದ್ದು ಸುಮಾರು 1800 ಹಳ್ಳಿ. ನಕ್ಕವರೂ ಇದ್ದರು. ಆದರೆ ಲೆಕ್ಕದ ನಿಖರತೆ ಹೆಚ್ಚಾಗಿ ನಿಂತಿರೋದು ಎಷ್ಟು ಹಳ್ಳಿ ನೋಡಿದೆವು, ಹೇಗೆ ಆರಿಸಿದೆವು ಅನ್ನೋದರ ಮೇಲೆ. ಒಟ್ಟು ಎಷ್ಟಿವೆ ಅನ್ನೋದರ ಮೇಲೆ ಅಲ್ಲ. 1956ರಲ್ಲಿ ಅವರ ಸಂಸ್ಥೆಗೆ ಇಂಗ್ಲೆಂಡಿನಿಂದ ಕಂಪ್ಯೂಟರ್ ಬಂತು. ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. ಅದೇ ವರ್ಷ ಶುರುವಾದ ಎರಡನೇ ಪಂಚವಾರ್ಷಿಕ ಯೋಜನೆ ಅವರ ಲೆಕ್ಕದ ಮೇಲೆ ನಿಂತಿತ್ತು. ಉಕ್ಕು, ಯಂತ್ರ ಮಾಡುವ ಭಾರೀ ಕಾರ್ಖಾನೆಗೆ ಒತ್ತು ಕೊಟ್ಟಿದ್ದಕ್ಕೆ, ಕೃಷಿ ಹಿಂದೆ ಬಿತ್ತು ಅಂತ ಟೀಕೆ ಬಂತು, ಇವತ್ತೂ ಆ ವಾದ ಮುಗಿದಿಲ್ಲ. ಅವರು ಹಟಮಾರಿ, ಜಗಳಕ್ಕೆ ಹಿಂಜರಿಯದವರು ಅಂತಲೂ ಜೊತೆಯಲ್ಲಿ ಕೆಲಸ ಮಾಡಿದವರು ಹೇಳಿದ್ದಾರೆ. ಆದರೆ ಒಂದು ಮಾತು ಒಪ್ಪಲೇಬೇಕು. ಅವರ ಯೋಜನೆ ತಪ್ಪು ಅಂತ ವಾದ ಮಾಡುವವರೂ ಅಂಕಿ ತೆಗೆಯೋದು ಅವರೇ ಶುರು ಮಾಡಿದ ಸರ್ವೆಯಿಂದ.

1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು, 1968ರಲ್ಲಿ ಪದ್ಮವಿಭೂಷಣ ಬಂತು. 1972ರ ಜೂನ್ 28ರಂದು, 79ನೇ ಹುಟ್ಟುಹಬ್ಬಕ್ಕೆ ಒಂದು ದಿನ ಇರುವಾಗ ತೀರಿಕೊಂಡರು. ಕೊನೆಯವರೆಗೂ ಸಂಸ್ಥೆಯ ಕೆಲಸ ಬಿಟ್ಟಿರಲಿಲ್ಲ. 2007ರಿಂದ ಜೂನ್ 29ನ್ನು ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನ ಅಂತ ಆಚರಿಸುತ್ತಾರೆ.

ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಯಾರಾದರೂ ಫೈಲು ಹಿಡಿದು ಮನೆ ಬಾಗಿಲಿಗೆ ಬಂದು, ತಿಂಗಳಿಗೆ ಅಕ್ಕಿ ಎಷ್ಟು, ಎಣ್ಣೆ ಎಷ್ಟು, ಹೊರದೇಶದಿಂದ ಎಷ್ಟು ಹಣ ಬರುತ್ತೆ ಅಂತ ಕೇಳಿದರೆ, ಮೊದಲು ಗುರುತಿನ ಚೀಟಿ ನೋಡಿ. ಸರ್ಕಾರದ ಸರ್ವೆಯವರೇ ಆಗಿದ್ದರೆ ಕೂರಿಸಿ ನೀರು ಕೊಟ್ಟು, ಇದ್ದದ್ದು ಇದ್ದ ಹಾಗೆ ಹೇಳಿ. ಚೀಟಿಯಲ್ಲಿ ನಿಮ್ಮ ಮನೆ ಬಂದಿದೆ ಅಂದರೆ ಎತ್ತದೇ ಉಳಿದ ಸಾವಿರಾರು ಮನೆಗಳ ಪರವಾಗಿ ನೀವೊಬ್ಬರೇ ಉತ್ತರ ಕೊಡುತ್ತಿದ್ದೀರಿ ಅಂತ ಅರ್ಥ.